ಟಾಮಾಕ್ಸಿಫೆನ್ ದಿನ ಬಿಟ್ಟು ದಿನ ತಗೊಂಡರೆ ನಡೆಯುತ್ತಾ?

ನಿಮಗೆ 44 ವರ್ಷ, ಸ್ತನ ಕ್ಯಾನ್ಸರ್ ಮರುಕಳಿಸದಿರಲಿ ಅಂತ ಕೊಡುವ ಹಾರ್ಮೋನ್ ತಡೆಯುವ ಮಾತ್ರೆ ಟಾಮಾಕ್ಸಿಫೆನ್ 20 ಮಿಲಿಗ್ರಾಂ ಶುರುವಾಗಿ ಮೂರು ತಿಂಗಳು, ರಾತ್ರಿ ಮೈಯೆಲ್ಲ ಕಾವು ಏರಿ ನಿದ್ದೆಯಿಲ್ಲ. ಅದಕ್ಕೇ ದಿನ ಬಿಟ್ಟು ದಿನ ನುಂಗಲೇ, ಇಲ್ಲಾ ಮೈಯಲ್ಲಿ ಈಸ್ಟ್ರೋಜನ್ ತಗ್ಗಿಸುವ ಇನ್ನೊಂದು ಮಾತ್ರೆ ಲೆಟ್ರೋಜೋಲ್‌ಗೆ ಬದಲಾಯಿಸಲೇ ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ಇದೇ ವಯಸ್ಸಿನಲ್ಲಿ, ಇದೇ ಮಾತ್ರೆಗೆ, ರಾತ್ರಿ ಎರಡು ಗಂಟೆಗೆ ಎದ್ದು ಬೆವರಿಗೆ ತೊಯ್ದ ನೈಟಿ ಬದಲಿಸಿದವಳು ನಾನು. ನಾನು ಮಾತ್ರೆ ಬಿಡಲಿಲ್ಲ. ನಿದ್ದೆ ಬರಲಿ ಅಂತ ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆ. "ಈಗ ಏನೇನು ಮಾತ್ರೆ ತಗೊಳ್ತಿದ್ದೀರಿ?" ಅಂದರು. ಕ್ಯಾನ್ಸರ್ ಅನ್ನೋ ಪದ ಬಾಯಿಗೆ ಬರಲಿಲ್ಲ, ಬಿಪಿ ಮಾತ್ರೆ ಒಂದನ್ನೇ ಹೇಳಿದೆ. ಅವರು ಖಿನ್ನತೆಗೂ ಕಾವಿಗೂ ಕೊಡುವ ಪ್ಯಾರಾಕ್ಸೆಟಿನ್ ಬರೆದರು. ಐದು ತಿಂಗಳು ಎರಡನ್ನೂ ಒಟ್ಟಿಗೆ ನುಂಗಿದೆ.

ಇದರಲ್ಲಿ ತಪ್ಪೇನು ಅನ್ನೋದನ್ನು ಬಿಡಿಸಿಯೇ ಹೇಳಬೇಕು. ಟಾಮಾಕ್ಸಿಫೆನ್ ಹೊಟ್ಟೆಗೆ ಹೋದ ಹಾಗೇ ಪೂರ್ತಿ ಕೆಲಸ ಮಾಡುವ ಮಾತ್ರೆಯಲ್ಲ. ಲಿವರ್‌ನಲ್ಲಿ ಸಿವೈಪಿ2ಡಿ6 ಅನ್ನುವ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಬದಲಿಸುತ್ತದೆ. ಕ್ಯಾನ್ಸರ್ ಕೋಶದ ಈಸ್ಟ್ರೋಜನ್ ಬಾಗಿಲಿಗೆ ಗಟ್ಟಿಯಾಗಿ ಚಿಲಕ ಹಾಕುವುದು ಮುಖ್ಯವಾಗಿ ಈ ಎಂಡಾಕ್ಸಿಫೆನ್. ಪ್ಯಾರಾಕ್ಸೆಟಿನ್ ಅದೇ ಕಿಣ್ವದ ಕೈ ಕಟ್ಟಿಹಾಕುತ್ತದೆ. ಅಂದರೆ ಮಾತ್ರೆ ದಿನಾ ನುಂಗುತ್ತಿದ್ದೇನೆ, ರಕ್ತದಲ್ಲಿ ಎಂಡಾಕ್ಸಿಫೆನ್ ಮಾತ್ರ ಇಳಿದುಹೋಗಿದೆ. ಹೊರಗೆ ಒಂದು ಲಕ್ಷಣವೂ ಕಾಣಿಸುವುದಿಲ್ಲ. ನನಗೆ ಕಾವು ಕಮ್ಮಿಯಾಗಿತ್ತು, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಫಾಲೋಅಪ್‌ಗೆ ಹೋದಾಗ ಬ್ಯಾಗಿನಲ್ಲಿದ್ದ ಸ್ಟ್ರಿಪ್ ನೋಡಿ ಆಂಕಾಲಜಿ (ಕ್ಯಾನ್ಸರ್) ಡಾಕ್ಟರ್ ಹಿಡಿದರು. ಅದನ್ನೂ ಒಂದೇ ಸಲ ನಿಲ್ಲಿಸುವ ಹಾಗಿಲ್ಲ, ತಲೆಸುತ್ತು, ಚಡಪಡಿಕೆ ಬರುತ್ತದೆ. ಡೋಸ್ ಹಂತಹಂತವಾಗಿ ಇಳಿಸಿ ಬಿಡಿಸಿದರು. ಖಿನ್ನತೆಗೇ ಕೊಡುವ ಫ್ಲುಯಾಕ್ಸೆಟಿನ್, ಬುಪ್ರೋಪಿಯಾನ್ ಕೂಡ ಈ ಕಿಣ್ವವನ್ನು ಹೀಗೇ ಕಟ್ಟಿಹಾಕುತ್ತವೆ. ಫ್ಲುಯಾಕ್ಸೆಟಿನ್ ಅಂತೂ ಬಿಟ್ಟ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಡುಲಾಕ್ಸೆಟಿನ್ ಮಧ್ಯಮ. ವೆನ್ಲಾಫ್ಯಾಕ್ಸಿನ್, ಎಸ್ಸಿಟಲೋಪ್ರಾಂ ಈ ಕಿಣ್ವವನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಹಿಸಿಕೊಳ್ಳಬೇಕು, ಇಲ್ಲಾ ಡೋಸ್ ಕತ್ತರಿಸಬೇಕು ಅಂತ ಎರಡೇ ದಾರಿ ಇಟ್ಟುಕೊಂಡಿದ್ದೀರಿ. ಕಾವಿಗೇ ಬೇರೆ ಔಷಧಿ ಇದೆ. ವೆನ್ಲಾಫ್ಯಾಕ್ಸಿನ್ ಸಾಮಾನ್ಯವಾಗಿ 37.5 ಮಿಲಿಗ್ರಾಂನಿಂದ ಶುರುಮಾಡಿ 75ಕ್ಕೆ ಏರಿಸುತ್ತಾರೆ, ಬಿಪಿ ಇದ್ದರೆ ಅಳೆಯುತ್ತಿರಬೇಕು. ರಾತ್ರಿಯ ಕಾಟವೇ ಜಾಸ್ತಿ ಇದ್ದರೆ ಮಲಗುವಾಗ ಗ್ಯಾಬಪೆಂಟಿನ್ ಕೊಡುವುದುಂಟು, ಅದಕ್ಕೆ ತೂಕಡಿಕೆ ಬರುತ್ತದೆ. ಎರಡನ್ನೂ ಬರೆಯಬೇಕಾದವರು ನಿಮ್ಮ ಆಂಕಾಲಜಿ ಡಾಕ್ಟರ್, ಅಥವಾ ನಿಮ್ಮ ಇಡೀ ಮಾತ್ರೆ ಪಟ್ಟಿ ನೋಡಿದ ಡಾಕ್ಟರ್.

ದಿನ ಬಿಟ್ಟು ದಿನದ ಯೋಚನೆ ಎಲ್ಲಿಂದ ಬಂತು ಅಂತಲೂ ಗೊತ್ತು. ಟಾಮಾಕ್ಸಿಫೆನ್ ಮೈಯಿಂದ ಅರ್ಧ ಇಳಿಯಲು 5ರಿಂದ 7 ದಿನ ಬೇಕು. ಹಾಗಾಗಿ ಒಂದು ದಿನ ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದರೆ ತಗೊಳ್ಳಿ, ಮರುದಿನದ ಹೊತ್ತಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಆದರೆ ಬೇಕಂತಲೇ ವರ್ಷಗಟ್ಟಲೆ ಅರ್ಧ ಡೋಸ್ ನುಂಗುವುದು ಬೇರೆ ಮಾತು. ಐದು ವರ್ಷ ದಿನಾ 20 ತಗೊಂಡವರಲ್ಲಿ 15 ವರ್ಷದ ಲೆಕ್ಕಕ್ಕೆ ಈ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ. 5 ಮಿಲಿಗ್ರಾಂ ಸಾಕು ಅಂತ ಓದಿದ್ದರೆ, ಆ ಪರೀಕ್ಷೆ ನಡೆದದ್ದು ಗಡ್ಡೆ ಇನ್ನೂ ಸುತ್ತಲಿನ ಅಂಗಾಂಶಕ್ಕೆ ಇಳಿಯದ ಹಂತದವರ ಮೇಲೆ.

ಲೆಟ್ರೋಜೋಲ್‌ಗೆ ನೀವಾಗಿ ಹಾರಬೇಡಿ, ಅಂಡಾಶಯ ಕೆಲಸ ನಿಲ್ಲಿಸಿದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಕೀಮೋ ಆಗಿ ಮುಟ್ಟು ನಿಂತಿದೆ ಅಂದ ಮಾತ್ರಕ್ಕೆ ಅಂಡಾಶಯ ಶಾಶ್ವತವಾಗಿ ನಿಂತಿದೆ ಅಂತಲ್ಲ, 44ಕ್ಕೆ ಮತ್ತೆ ಏಳಬಹುದು. ಮಕ್ಕಳಾಗದವರಿಗೆ ಅಂಡಾಶಯ ಚುರುಕಾಗಲಿ ಅಂತ ಕೊಡುವುದೂ ಇದೇ ಲೆಟ್ರೋಜೋಲ್! ನಿಮ್ಮ ವಯಸ್ಸಿನಲ್ಲಿ ಅದನ್ನು ಕೊಡುವುದಾದರೆ ಜೊತೆಗೆ ಅಂಡಾಶಯವನ್ನು ಸುಮ್ಮನಿರಿಸಲೇಬೇಕು. ಅದಕ್ಕೆ ಗೋಸೆರೆಲಿನ್ 3.6 ಮಿಲಿಗ್ರಾಂ ಇಂಜೆಕ್ಷನ್ ಆದರೆ ಹೊಟ್ಟೆಯ ಚರ್ಮದಡಿಗೆ, 28 ದಿನಕ್ಕೊಮ್ಮೆ. ತಿಂಗಳಿಗೊಮ್ಮೆ ಅಂತ ಲೆಕ್ಕ ಹಾಕಬೇಡಿ, ಕ್ಯಾಲೆಂಡರ್‌ನಲ್ಲಿ 28 ಎಣಿಸಿ ಗುರುತು ಹಾಕಿ. ಮೂಳೆ ಸವೆತ, ಗಂಟುನೋವಿನ ಲೆಕ್ಕವೂ ಆಗ ಶುರು, ಮೊದಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು.

ಮೆಡಿಕಲ್ ಶಾಪ್‌ನಲ್ಲಿ ಸ್ಟ್ರಿಪ್ ಕೈಗೆ ಬಂದ ತಕ್ಷಣ 10 ಇದೆಯೋ 20 ಇದೆಯೋ ನೋಡಿ. 20 ಇಲ್ಲದೆ 10 ಕೊಟ್ಟರೆ ಎರಡು ನುಂಗಬೇಕು. ನಾನು ಸ್ಟ್ರಿಪ್‌ನ ಹಿಂದೆ, ಒಂದೊಂದು ಗುಳಿಯ ಬೆನ್ನಿಗೆ, ಬಾಲ್ ಪೆನ್ನಿನಿಂದ ಮೆಲ್ಲಗೆ ತಾರೀಖು ಬರೆದಿಡುತ್ತಿದ್ದೆ. ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ. ತಗೊಂಡೆನೋ ಇಲ್ಲವೋ ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು.

ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಡಿ. ಕಾಳುಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸಾರ) ಕ್ಯಾಪ್ಸೂಲ್ ಬೇಡ, ಅದೂ ಎಂಡಾಕ್ಸಿಫೆನ್ ಇಳಿಸುತ್ತದೆ. "ಹೆಂಗಸರ ಟಾನಿಕ್" ಅಂತ ಯಾರಾದರೂ ತಂದುಕೊಟ್ಟರೆ ಬಾಟಲಿಯ ಲೇಬಲ್ ಫೋಟೋ ತೆಗೆದು ಡಾಕ್ಟರಿಗೆ ತೋರಿಸುವ ತನಕ ಮುಚ್ಚಳ ತೆಗೆಯಬೇಡಿ. ಮುಟ್ಟು ಬರುತ್ತಿಲ್ಲ ಅಂತ ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ, ಈ ಮಾತ್ರೆ ಮಗುವಿಗೆ ಅಪಾಯ. ಹಾರ್ಮೋನ್ ಇಲ್ಲದ ಕಾಪರ್-ಟಿ ಅಥವಾ ಕಾಂಡೋಮ್ ಇರಲಿ.

ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಎದೆನೋವು, ಏಕಾಏಕಿ ಉಸಿರುಕಟ್ಟುವುದು ಆದರೆ ಗಂಟೆಯೂ ಕಾಯಬೇಡಿ. ಯಾವುದೇ ಆಪರೇಷನ್ ಗೊತ್ತಾದರೆ ಟಾಮಾಕ್ಸಿಫೆನ್ ತಗೊಳ್ತಿದ್ದೇನೆ ಅಂತ ಮೊದಲೇ ಹೇಳಿ. ಮುಟ್ಟು ನಿಂತ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಗರ್ಭಕೋಶದ ಒಳಪದರ ಪರೀಕ್ಷಿಸಬೇಕು.

ಈ ವಾರವೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ಎಷ್ಟು ಸಲ ಕಾವು ಬಂತು, ಎಷ್ಟು ಸಲ ಎಚ್ಚರವಾಯಿತು ಅಂತ ಏಳು ದಿನ ಬರೆದ ಚೀಟಿ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳು ಬ್ಯಾಗಿನಲ್ಲಿರಲಿ. ಅಲ್ಲಿಯ ತನಕ ದಿನಾ 20 ಮಿಲಿಗ್ರಾಂ ನಡೆಯಲಿ.