13ಎಕ್ಸ್ ಜಿಯೋಲೈಟ್‌ಗೆ (ಅನಿಲ, ನೀರು ಹೀರುವ ಸೂಕ್ಷ್ಮ ರಂಧ್ರಗಳ ಪುಡಿ) ಲೀಥಿಯಂ ಹಾಕಿದ ಮೇಲೆ ಇಂಗಾಲದ ಡೈಆಕ್ಸೈಡ್ ಹಿಡಿಯುವುದು ಕಡಿಮೆಯಾಗಿದೆ. ಪೊಟ್ಯಾಸಿಯಂ ಹಾಕಿ ನೋಡಲೇ?

ಲೋಹ ಬದಲಿಸಬೇಡಿ. ನಿಮ್ಮ ಪುಡಿ ನೀರು ಕುಡಿದು ಕೂತಿದೆ ಅಂತ ನನ್ನ ಗುಮಾನಿ. ಕಾರವಾರದಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್ ಮಾಡುವಾಗ ನನ್ನದೂ ಇದೇ 13ಎಕ್ಸ್, ಇದೇ ಲೀಥಿಯಂ, ಇದೇ ಗೋಳು.

13ಎಕ್ಸ್‌ನಲ್ಲಿ ಮೊದಲೇ ಇರುವ ಸೋಡಿಯಂ ಹೋಗಿ ಲೀಥಿಯಂ ಕೂರಲಿ ಅಂತ ಲೀಥಿಯಂ ಕ್ಲೋರೈಡ್ ದ್ರಾವಣದಲ್ಲಿ ಮತ್ತೆ ಮತ್ತೆ ಕಾಯಿಸಿ, ತೊಳೆದು, ಒಣಗಿಸಿ, ಡೆಸಿಕೇಟರ್ ಎಂಬ ತೇವ ತಡೆಯುವ ಮುಚ್ಚಿದ ಪಾತ್ರೆಯಲ್ಲಿಟ್ಟೆ. ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಆಷಾಢ. ಆದರೂ ಅದರೊಳಗಿನ ನನ್ನ ಸಿಲಿಕಾ ಜೆಲ್ (ತೇವ ಹೀರುವ ಹರಳು, ಒಣಗಿದ್ದರೆ ನೀಲಿ, ತೇವ ಹೀರಿದರೆ ಗುಲಾಬಿ) ನೀಲಿಯಾಗೇ ಇತ್ತು, ಪಕ್ಕದವರದ್ದು ಗುಲಾಬಿಗೆ ತಿರುಗಿತ್ತು. ಮುಚ್ಚಳಕ್ಕೆ ಗ್ರೀಸ್ ಸರಿಯಾಗಿ ಹಚ್ಚಿದ್ದೇನೆ ಅಂತ ಬೀಗಿದೆ. ಆದರೆ ತೇವ ತೀರಾ ಕಡಿಮೆ ಇರುವಲ್ಲಿ ಜಿಯೋಲೈಟ್ ನೀರನ್ನು ಎಳೆಯುವ ಬಲ ಸಿಲಿಕಾ ಜೆಲ್‌ಗಿಂತ ಜಾಸ್ತಿ. ಅಂದರೆ ಜೆಲ್ ನನ್ನ ಪುಡಿಯನ್ನು ಒಣಗಿಸುತ್ತಿರಲಿಲ್ಲ, ಪುಡಿಯೇ ಜೆಲ್‌ನಿಂದ ನೀರು ಕಸಿಯುತ್ತಿತ್ತು! 13ಎಕ್ಸ್ ತನ್ನ ತೂಕದ ಕಾಲು ಭಾಗದಷ್ಟು ನೀರು ಕುಡಿಯಬಲ್ಲದು.

ಪುಡಿ ಎಷ್ಟು ಅನಿಲ ಹಿಡಿಯುತ್ತದೆ ಅಂತ ಅಳೆಯುವ ಯಂತ್ರ ಇದ್ದದ್ದು ಧಾರವಾಡದಲ್ಲಿ. ಅರಬೈಲ್ ಘಟ್ಟ ಹತ್ತಿ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಫಾರ್ಮಿನಲ್ಲಿ ಡಿಗ್ಯಾಸಿಂಗ್ (ಅಳೆಯುವ ಮೊದಲು ಕಾಯಿಸಿ ಒಳಗಿನ ನೀರು, ಅನಿಲ ಹೊರಹಾಕುವುದು) ಉಷ್ಣಾಂಶದ ಎದುರು ‘120’ ಅಂತ ಬರೆದೆ. ಜೆಲ್ ನೀಲಿ, ಪುಡಿ ಒಣಗಿದೆ, ಇನ್ನೇನು ಬೇಕು! ಅವರು ಬರೆದಷ್ಟೇ ಕಾಯಿಸಿದರು. ಬೇಕಾಗಿದ್ದದ್ದು ನಿರ್ವಾತದಲ್ಲಿ, ರಾತ್ರಿಯಿಡೀ, 300ರಿಂದ 350 ಡಿಗ್ರಿ ಸೆಲ್ಸಿಯಸ್. ಅದೂ ನಿಧಾನವಾಗಿ ಏರಿಸಬೇಕು, ಒಮ್ಮೆಲೇ ಏರಿಸಿದರೆ ಒಳಗಿನ ಹಬೆಗೇ ಚೌಕಟ್ಟು ಕೆಡುತ್ತದೆ.

ಲೀಥಿಯಂ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣು) ತ್ರಿಜ್ಯ 0.76 ಆಂಗ್‌ಸ್ಟ್ರಮ್ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ ಒಂದು ಆಂಗ್‌ಸ್ಟ್ರಮ್), ಸೋಡಿಯಂದು 1.02, ಪೊಟ್ಯಾಸಿಯಂದು 1.38. ಮೂರಕ್ಕೂ ವಿದ್ಯುದಾವೇಶ ಒಂದೇ, ಲೀಥಿಯಂನ ಗಾತ್ರ ಚಿಕ್ಕದು, ಹಾಗಾಗಿ ಅದರ ವಿದ್ಯುತ್ ಕ್ಷೇತ್ರ ತೀಕ್ಷ್ಣ. ಇಂಗಾಲದ ಡೈಆಕ್ಸೈಡ್ ಅಣುವನ್ನು ಹಿಡಿಯುವುದು ಆ ಕ್ಷೇತ್ರವೇ. ಆಮ್ಲಜನಕ ತಯಾರಿಸುವ ಯಂತ್ರಗಳಲ್ಲಿ ಲೀಥಿಯಂ ಹಾಕಿದ ಎಕ್ಸ್ ಜಿಯೋಲೈಟ್ ಗಾಳಿಯ ನೈಟ್ರೋಜನ್ ಹಿಡಿದಿಡುವುದೂ ಇದೇ ಬಲದಿಂದ. ಆದರೆ ನೀರಿನ ಮೇಲೆ ಲೀಥಿಯಂಗೆ ಇನ್ನೂ ಹೆಚ್ಚು ಮೋಹ. 120 ಡಿಗ್ರಿಗೆ ಸೋಡಿಯಂ ಬಿಟ್ಟ ನೀರನ್ನೂ ಲೀಥಿಯಂ ಬಿಡಲಿಲ್ಲ, ಅನಿಲಕ್ಕೆ ಜಾಗವೇ ಉಳಿಯಲಿಲ್ಲ. ನಾನು ‘ಲೀಥಿಯಂ ನಿರುಪಯುಕ್ತ’ ಅಂತ ವರದಿ ಬರೆದೆ. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಡಿಗ್ಯಾಸಿಂಗ್ ಉಷ್ಣಾಂಶ ಎಷ್ಟು ಅಂತ ಮಾತ್ರ. ಅಂಕವೂ ಹೋಯಿತು, ಅದನ್ನೇ ನಂಬಿಕೊಂಡಿದ್ದ ಪಿಎಚ್‌ಡಿ ಸೀಟೂ ಹೋಯಿತು.

ದೊಡ್ಡ ಅಯಾನು ರಂಧ್ರ ಮುಚ್ಚುತ್ತದೆ ಅಂತ ಯಾರಾದರೂ ಹೇಳಿದರೆ, ಅದು ಎ ಎಂಬ ಇನ್ನೊಂದು ಬಗೆಯ, ಕಿರಿದಾದ ರಂಧ್ರದ ಜಿಯೋಲೈಟಿನ ಕತೆ. ಅಲ್ಲಿಯೂ ಗಾತ್ರವೇ ಎಲ್ಲ ಅಲ್ಲ: ಕ್ಯಾಲ್ಸಿಯಂ ಸೋಡಿಯಂನಷ್ಟೇ ದೊಡ್ಡದು, ಆದರೆ ಒಂದು ಕ್ಯಾಲ್ಸಿಯಂ ಬಂದರೆ ಎರಡು ಸೋಡಿಯಂ ಹೊರಬೀಳುತ್ತವೆ, ಕಿಟಕಿಯಲ್ಲಿ (ರಂಧ್ರದ ಬಾಯಲ್ಲಿ) ಕೂತಿದ್ದವು ಖಾಲಿಯಾಗಿ, ಸೋಡಿಯಂ ಇದ್ದ 4ಎ ಹೋಗಿ ಹೆಚ್ಚು ತೆರೆದ 5ಎ ಆಗುತ್ತದೆ. ನಿಮ್ಮ ಎಕ್ಸ್‌ನ ಕಿಟಕಿ ಸುಮಾರು 7.4 ಆಂಗ್‌ಸ್ಟ್ರಮ್, ಅದನ್ನು ಪೊಟ್ಯಾಸಿಯಂ ಮುಚ್ಚಲಾರದು.

ಮೊದಲು ಅದೇ ಲೀಥಿಯಂ ಪುಡಿಯನ್ನು 350ಕ್ಕೆ ಕಾಯಿಸಿ, ಗಾಳಿ ತಾಗಿಸದೆ ಅಳೆಸಿ. ಪೊಟ್ಯಾಸಿಯಂ ಹಾಕಲೇಬೇಕು ಅನಿಸಿದರೆ ಅದನ್ನೂ ಹೀಗೇ ಕಾಯಿಸಿ ಹೋಲಿಸಿ. ಕಡಿಮೆ ಒತ್ತಡದಲ್ಲಿ ಅದು ಲೀಥಿಯಂಗಿಂತ ಹಿಂದೆಯೇ ಬೀಳುತ್ತದೆ.