ಗಾಳ ಹಾಕುವವರು, ಬಾಗಿಲು ಕಾಯುವವರು

ಕಳೆದ ಸಂಚಿಕೆಯಲ್ಲಿ ಆನ್‌ಲೈನ್ ಜಗಳಗಳ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲದ ಅಂಕಣ ತುಂಬುವಷ್ಟಿವೆ. ಮುಕ್ಕಾಲು ಜನ ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ದೊಡ್ಡ ಸೋಶಿಯಲ್ ಮೀಡಿಯಾದಲ್ಲಿ ನಾನು ತೆಗೆದ ಹಕ್ಕಿ ಫೋಟೊ ಹಾಕಿದರೆ ಯಾರ್ಯಾರೋ ಬಂದು ಬೈದು ಹೋಗುತ್ತಾರೆ. ಅದೇ ಫೋಟೊವನ್ನು ಹಕ್ಕಿ ನೋಡುವವರ ಸಣ್ಣ ಗುಂಪಿನಲ್ಲಿ ಹಾಕಿದರೆ ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ. ಜನ ಬೇರೆಯಾ, ಜಾಗ ಬೇರೆಯಾ?

ಜಾಗ ಬೇರೆ. ಜನ ಬಹುಪಾಲು ಅವರೇ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷ ಹಳೆ ರೇಡಿಯೋ ರಿಪೇರಿ ಮಾಡುವವರ ಒಂದು ಗುಂಪಿಗೆ ನಾನೇ ಅಡ್ಮಿನ್ ಆಗಿದ್ದೆ. ಅಲ್ಲಿ ಒಬ್ಬರಿದ್ದರು, ಬಹಳ ಸಾಧು. ಹೊಸಬರು ಎಷ್ಟು ದಡ್ಡ ಪ್ರಶ್ನೆ ಕೇಳಿದರೂ ಚಿತ್ರ ಬರೆದು, ಬಾಣ ಹಾಕಿ ವಿವರಿಸುವವರು. ಒಂದು ದಿನ ಬೇರೆ ದೊಡ್ಡ ತಾಣದಲ್ಲಿ ಯಾವುದೋ ಸುದ್ದಿಯ ಕೆಳಗೆ ಅವರ ಕಮೆಂಟ್ ಕಣ್ಣಿಗೆ ಬಿತ್ತು. ಓದಲು ಆಗಲಿಲ್ಲ. ಹೆಸರು ಅದೇ, ಫೋಟೊ ಅದೇ, ಮನುಷ್ಯ ಮಾತ್ರ ಬೇರೆ ಯಾರೋ ಅನ್ನುವ ಹಾಗಿತ್ತು.

ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 667 ಜನರನ್ನು ಕರೆದು ಕೆಲವರಿಗೆ ಸುಲಭದ ಪರೀಕ್ಷೆ ಕೊಟ್ಟರು, ಕೆಲವರಿಗೆ ತಲೆ ಕೆಡಿಸುವ ಪರೀಕ್ಷೆ ಕೊಟ್ಟರು. ಆಮೇಲೆ ಎಲ್ಲರಿಗೂ ಒಂದು ಲೇಖನ ಓದಿಸಿ ಕಮೆಂಟ್ ಬರೆಯಲು ಹೇಳಿದರು. ಕೆಲವರಿಗೆ ಮೊದಲೇ ಸಭ್ಯ ಕಮೆಂಟ್‌ಗಳು ಕಾಣುತ್ತಿದ್ದವು, ಕೆಲವರಿಗೆ ಕೆಟ್ಟ ಕಮೆಂಟ್‌ಗಳು. ಒಳ್ಳೆ ಮೂಡು ಮತ್ತು ಸಭ್ಯ ಕಮೆಂಟ್ ಎರಡೂ ಇದ್ದ ಕಡೆ ನೂರಕ್ಕೆ 35 ಬರಹ ಟ್ರೋಲ್ ಥರ, ಅಂದರೆ ಬೈಯುವ, ಕೆಣಕುವ ಹಾಗೆ ಇದ್ದವು. ಮೂಡೂ ಕೆಟ್ಟು, ಮೇಲಿನ ಕಮೆಂಟ್‌ಗಳೂ ಕೆಟ್ಟದಾಗಿದ್ದ ಕಡೆ 68. ಹೆಚ್ಚುಕಮ್ಮಿ ದುಪ್ಪಟ್ಟು. (ಒಳ್ಳೆ ಮೂಡಿನಲ್ಲೂ 35 ಯಾಕೆ ಅಂತ ನನ್ನನ್ನು ಕೇಳಬೇಡಿ. ನನಗೂ ಅದೇ ಸಂಕಟ.)

ಈಗ ನಿಮ್ಮ ಹಕ್ಕಿಗೆ ಬರೋಣ. ಸಣ್ಣ ಗುಂಪಿನಲ್ಲಿ ನಿಮಗೆ ಉತ್ತರ ಬರೆಯುವವನಿಗೆ ನಾಳೆಯೂ ನಿಮ್ಮ ಮುಖ ನೋಡುವುದಿದೆ. ಮುಂದಿನ ವಾರ ಅವನಿಗೆ ಒಂದು ಹಕ್ಕಿಯ ಗುರುತು ಸಿಗದಿದ್ದರೆ ನಿಮ್ಮನ್ನೇ ಕೇಳಬೇಕು. ದೊಡ್ಡ ತಾಣದಲ್ಲಿ ನಿಮ್ಮ ಫೋಟೊವನ್ನು, ಯಾರಿಗೆ ಏನು ತೋರಿಸಬೇಕೆಂದು ಲೆಕ್ಕ ಹಾಕುವ ಅಲ್ಗಾರಿದಂ ಎತ್ತಿಕೊಂಡು ಹೋಗಿ, ಹಕ್ಕಿಯೂ ಗೊತ್ತಿಲ್ಲದ, ನೀವೂ ಗೊತ್ತಿಲ್ಲದ, ಬಸ್ಸಿಗೆ ಕಾಯುತ್ತಾ ಬೇಜಾರಾಗಿ ಕೂತಿರುವವನ ಮುಂದೆ ಇಡುತ್ತದೆ. ಅವನು ಬೈದರೂ ಅದು ಲೆಕ್ಕಕ್ಕೆ ಒಂದು ಪ್ರತಿಕ್ರಿಯೆಯೇ. ಪ್ರತಿಕ್ರಿಯೆ ಜಾಸ್ತಿ ಆದಷ್ಟೂ ಇನ್ನೂ ನಾಲ್ಕು ಜನಕ್ಕೆ ತೋರಿಸುತ್ತದೆ. ಅಷ್ಟೇ ಕಥೆ.

ಪ್ರಶ್ನೆ: ಟ್ರೋಲ್ ಅಂದರೆ ಸುಮ್ಮನೆ ತಮಾಷೆ ತಾನೇ? ಯಾಕೆ ಇಷ್ಟು ದೊಡ್ಡ ವಿಷಯ ಮಾಡುತ್ತೀರಿ?

ನಮ್ಮಲ್ಲಿ ಆ ಪದ ಕಾಲೆಳೆಯುವುದು ಅನ್ನುವ ಅರ್ಥಕ್ಕೆ ಇಳಿದಿದೆ, ನಿಜ. ಆದರೆ ಮೂಲದಲ್ಲಿ ಅದು ಮೀನು ಹಿಡಿಯುವವರ ಮಾತು. ದೋಣಿಯ ಹಿಂದೆ ಗಾಳ ಎಳೆದುಕೊಂಡು ನಿಧಾನವಾಗಿ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಅನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾಕಟ್ಟೆಯ ಹಳಬರು ಬೇಕಂತಲೇ ಸವಕಲು ಪ್ರಶ್ನೆಯೊಂದನ್ನು ಎಸೆದು, ಯಾವ ಹೊಸಬ ಕಚ್ಚುತ್ತಾನೆ ಎಂದು ಕಾಯುತ್ತಿದ್ದರು. ಗುಹೆಯಲ್ಲಿರುವ ರಾಕ್ಷಸನ ಚಿತ್ರ ಆಮೇಲೆ ಅಂಟಿಕೊಂಡದ್ದು.

ತಮಾಷೆಗೂ ಗಾಳಕ್ಕೂ ವ್ಯತ್ಯಾಸ ತಿಳಿಯಲು ನಾನು ನೋಡುವುದು ಒಂದೇ. ಎದುರಿನವನಿಗೆ ನಗು ಬಾರದೆ ನೋವಾದಾಗ ಕಾಲೆಳೆಯುವವನು ನಿಲ್ಲಿಸುತ್ತಾನೋ, ಇನ್ನೂ ಹುರುಪಿನಿಂದ ಬರುತ್ತಾನೋ?

ಪ್ರಶ್ನೆ: ಇಷ್ಟು ದುಡ್ಡಿರುವ ಕಂಪನಿಗಳಿಗೆ ಇದನ್ನು ನಿಲ್ಲಿಸಲು ಆಗಲ್ವಾ? ಅಸಹ್ಯದ ಕಮೆಂಟ್ ರಿಪೋರ್ಟ್ ಮಾಡಿದರೆ ‘ನಮ್ಮ ನಿಯಮ ಮೀರಿಲ್ಲ’ ಎಂದು ಉತ್ತರ ಬಂತು. ನನ್ನ ಮಾಮೂಲಿ ಪೋಸ್ಟ್ ಮಾತ್ರ ಮಾಯ!

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ದುಡ್ಡಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಫೇಸ್‌ಬುಕ್ ಒಂದನ್ನೇ ತಿಂಗಳಿಗೆ 300 ಕೋಟಿಗಿಂತ ಹೆಚ್ಚು ಜನ ಬಳಸುತ್ತಾರೆ. ಅಷ್ಟು ಜನರ ಮಾತನ್ನು ತೂಗಬೇಕಾದರೆ ತಕ್ಕಡಿ ಎಲ್ಲರಿಗೂ ಒಂದೇ ಇರಬೇಕಾಗುತ್ತದೆ. ಮಾತು ಹಾಗೆ ತೂಗುವ ಸಾಮಾನಲ್ಲ. ‘ಲೋ ದಡ್ಡ’ ಎಂದು ನನ್ನ ಗೆಳೆಯ ಕರೆದರೆ ಅದು ಪ್ರೀತಿ. ಗುರುತಿಲ್ಲದವನು ಒಬ್ಬ ಹುಡುಗಿಯ ಪ್ರತಿ ಪೋಸ್ಟಿನ ಕೆಳಗೂ ದಿನಾ ‘ಚೆನ್ನಾಗಿದೀರಾ’ ಎಂದು ಬರೆದರೆ ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ, ಆದರೂ ಅವಳಿಗೆ ಮೈ ನಡುಗುತ್ತದೆ. ಯಂತ್ರಕ್ಕೆ ಕಾಣುವುದು ಪದ. ಕೆಲವೇ ಕ್ಷಣದಲ್ಲಿ ತೀರ್ಪು ಕೊಡಬೇಕಾದ ಉದ್ಯೋಗಿಗೆ ಕಾಣುವುದೂ ಹೆಚ್ಚುಕಮ್ಮಿ ಅಷ್ಟೇ.

ಇದು ಇವತ್ತಿನ ಕಾಯಿಲೆಯೂ ಅಲ್ಲ. 1996ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಬೈಗುಳ ಸೋಸುವ ಯಂತ್ರ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆ ತೆರೆಯಲೇ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಊರಿನ ಹೆಸರಿನ ಹೊಟ್ಟೆಯೊಳಗೆ ಒಂದು ಕೆಟ್ಟ ಪದದ ನಾಲ್ಕು ಅಕ್ಷರ ಸೇರಿಕೊಂಡಿತ್ತು! 20 ವರ್ಷ ಬಿಟ್ಟು, 2016ರಲ್ಲಿ, ಫೇಸ್‌ಬುಕ್ ವಿಯೆಟ್ನಾಂ ಯುದ್ಧದ ಆ ಹೆಸರಾಂತ ಚಿತ್ರವನ್ನು, ನೇಪಾಮ್ ಬಾಂಬಿನಿಂದ ಸುಟ್ಟು ಬಟ್ಟೆಯಿಲ್ಲದೆ ಓಡಿಬರುವ ಹುಡುಗಿಯ ಫೋಟೊವನ್ನು, ನಗ್ನತೆ ಎಂದು ತೆಗೆದುಹಾಕಿತು. ನಾರ್ವೆಯ ಪತ್ರಿಕೆ, ಅಲ್ಲಿನ ಪ್ರಧಾನಿ ಎಲ್ಲರೂ ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿದರು. ನಿಯಮದ ಪ್ರಕಾರ ತೆಗೆದದ್ದು ಸರಿಯೇ ಇತ್ತು ನೋಡಿ. ಆ ಚಿತ್ರ ಏನು ಅನ್ನುವುದು ಮಾತ್ರ ನಿಯಮಕ್ಕೆ ಗೊತ್ತಿರಲಿಲ್ಲ.

ಭಾಷೆ ಸಣ್ಣದಾದರೆ ಇನ್ನೂ ಕಷ್ಟ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ವಿಷ ಹರಡುತ್ತಿದ್ದಾಗ ಬರ್ಮಿ ಭಾಷೆಯ ಪೋಸ್ಟ್ ಓದಿ ತೂಗಬಲ್ಲ ಪರಿಶೀಲಕರು ಫೇಸ್‌ಬುಕ್‌ನಲ್ಲಿ ಸಾಕಷ್ಟು ಇರಲಿಲ್ಲ. ಸಾಲದ್ದಕ್ಕೆ ಅಲ್ಲಿನ ಜನ ಕಂಪ್ಯೂಟರ್‌ಗಳೆಲ್ಲ ಒಪ್ಪುವ ಯುನಿಕೋಡ್ ಅಕ್ಷರ ಪದ್ಧತಿ ಬಿಟ್ಟು ಜಾವ್ಜಿ ಎಂಬ ಬೇರೆ ಫಾಂಟ್ ಬಳಸುತ್ತಿದ್ದರು. ಯಂತ್ರಕ್ಕೆ ಅಕ್ಷರವೇ ಸರಿಯಾಗಿ ಕೂಡಿಬರದಿದ್ದರೆ ಅದು ಏನನ್ನು ಹಿಡಿದೀತು? ತಾವು ಮಾಡಬೇಕಾದಷ್ಟು ಮಾಡಲಿಲ್ಲ ಎಂದು ಕಂಪನಿ 2018ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ದೇಶ ಬಿಟ್ಟು ಓಡಿಹೋಗಿದ್ದರು.

ಇನ್ನು ದುಡ್ಡಿನ ಮಾತು. ಈ ಕೊಳೆಯನ್ನು ದಿನವಿಡೀ ನೋಡಿ ಮನಸ್ಸು ಕೆಡಿಸಿಕೊಂಡ ಪರಿಶೀಲಕರು ಅಮೆರಿಕದಲ್ಲಿ ಕೇಸು ಹಾಕಿದಾಗ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಈ ಕೆಲಸ ಕಂಪನಿಗೆ ಖರ್ಚಿನ ಬಾಬ್ತು. ಖರ್ಚು ಕಡಿಮೆ ಮಾಡಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ಎಲ್ಲಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಟ್ವಿಟರ್ (ಈಗಿನ ಎಕ್ಸ್) ಕೈ ಬದಲಾದ 2022ರ ಕೊನೆಯಲ್ಲಿ ಪರಿಶೀಲಕರ ಕೆಲಸಕ್ಕೂ ಕತ್ತರಿ ಬಿದ್ದದ್ದನ್ನು ನೋಡಿದೆವಲ್ಲ.

ಪ್ರಶ್ನೆ: ಎಲ್ಲರೂ ಗುರುತಿನ ಚೀಟಿ ಕೊಟ್ಟು ನಿಜ ಹೆಸರಿನಲ್ಲೇ ಬರೆಯಬೇಕು ಎಂದು ಕಾನೂನು ಮಾಡಿದರೆ ಒಂದೇ ದಿನದಲ್ಲಿ ಇದು ನಿಲ್ಲುತ್ತದೆ. ಏನಂತೀರಿ?

ದಕ್ಷಿಣ ಕೊರಿಯಾ ಮಾಡಿ ನೋಡಿತು. 2007ರಿಂದ ದೊಡ್ಡ ತಾಣಗಳಲ್ಲಿ ಬರೆಯುವವರು ತಮ್ಮ ಗುರುತು ತೋರಿಸಲೇಬೇಕಿತ್ತು. ಬೈಗುಳ ಹೇಳಿಕೊಳ್ಳುವಷ್ಟೇನೂ ಕಡಿಮೆಯಾಗಲಿಲ್ಲ. ಆದರೆ ಅಷ್ಟೂ ಜನರ ಮಾಹಿತಿ ತಾಣಗಳ ಬಳಿ ರಾಶಿ ಬಿದ್ದಿತು. 2011ರಲ್ಲಿ ಹ್ಯಾಕರ್‌ಗಳು ಅಲ್ಲಿನ ತಾಣಗಳಿಗೆ ನುಗ್ಗಿ ಸುಮಾರು 3.5 ಕೋಟಿ ಬಳಕೆದಾರರ ವಿವರ ಹೊತ್ತೊಯ್ದರು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು.

ನಿಮ್ಮ ಅಕ್ಕಪಕ್ಕ ನೋಡಿದರೂ ಸಾಕು. ನಿಜ ಹೆಸರು, ಮಗುವನ್ನು ಎತ್ತಿಕೊಂಡ ಪ್ರೊಫೈಲ್ ಫೋಟೊ ಇಟ್ಟುಕೊಂಡೇ ಎಂಥೆಂಥ ಮಾತು ಬರೆಯುತ್ತಾರೆ. ಅದೇ ಹೊತ್ತಿಗೆ ಮನೆಯವರ, ಆಫೀಸಿನವರ ಕಣ್ಣು ತಪ್ಪಿಸಿ ಕಾಯಿಲೆಯ ಬಗ್ಗೆಯೋ ಹೊಡೆಯುವ ಗಂಡನ ಬಗ್ಗೆಯೋ ನಾಲ್ಕು ಮಾತು ಕೇಳಿಕೊಳ್ಳುವವರಿಗೆ ಸುಳ್ಳು ಹೆಸರೇ ಆಸರೆ. ಸಣ್ಣ ಗುಂಪುಗಳಲ್ಲಿ ಬೇಕಾಗಿರುವುದು ನಿಜ ಹೆಸರಲ್ಲ, ಬದಲಾಗದ ಹೆಸರು. ‘ಕಪ್ಪೆಚಿಪ್ಪು’ ಎಂದು ಇಟ್ಟುಕೊಂಡರೂ ಪರವಾಗಿಲ್ಲ, ಐದು ವರ್ಷದಿಂದ ಅದೇ ಕಪ್ಪೆಚಿಪ್ಪು ಆಗಿದ್ದರೆ ಆ ಹೆಸರಿಗೂ ಒಂದು ಮಾನ ಬಂದಿರುತ್ತದೆ. ಅದನ್ನು ಕಳೆದುಕೊಳ್ಳಲು ಅವನಿಗೂ ಇಷ್ಟವಿರುವುದಿಲ್ಲ.

ಪ್ರಶ್ನೆ: ನಾನು ಸುಮಾರು 400 ಜನರ ಒಂದು ಹವ್ಯಾಸಿ ಗುಂಪಿನ ಅಡ್ಮಿನ್. ಒಬ್ಬ ಸದಸ್ಯ ಒಂದೂ ಕೆಟ್ಟ ಪದ ಬಳಸುವುದಿಲ್ಲ, ಒಂದೂ ನಿಯಮ ಮುರಿಯುವುದಿಲ್ಲ. ಆದರೆ ಪ್ರತಿ ಚರ್ಚೆಯಲ್ಲೂ ಚುಚ್ಚುತ್ತಾನೆ. ಜನ ಸದ್ದಿಲ್ಲದೆ ಗುಂಪು ಬಿಡುತ್ತಿದ್ದಾರೆ. ತೆಗೆದುಹಾಕಿದರೆ ವಾಕ್ ಸ್ವಾತಂತ್ರ್ಯ ಎಂದು ಕೂಗುತ್ತಾನೆ. ಏನು ಮಾಡಲಿ?

ತೆಗೆದುಹಾಕಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ, ನಾನು ತೆಗೆಯದೆ ಕೆಟ್ಟೆ. ರೇಡಿಯೋ ಗುಂಪಿನಲ್ಲಿ ನಮಗೂ ಇಂಥವನೊಬ್ಬ ಇದ್ದ. ಯಾರಾದರೂ ಖುಷಿಯಿಂದ ತಾವು ರಿಪೇರಿ ಮಾಡಿದ ಸೆಟ್ಟಿನ ಫೋಟೊ ಹಾಕಿದರೆ ‘ಬೆಸುಗೆ ನೋಡಿದರೆ ಮೊದಲ ಸಲ ಅನ್ನಿಸುತ್ತೆ, ಪ್ರಯತ್ನ ಬಿಡಬೇಡಿ’ ಎಂದು ಬರೆಯುತ್ತಿದ್ದ. ಇದರಲ್ಲಿ ತಪ್ಪೇನಿದೆ ಹೇಳಿ? ಏನೂ ಇಲ್ಲ. ಆರು ತಿಂಗಳು ನಾನೂ ಹಾಗೇ ಅಂದುಕೊಂಡೆ. ಅವನಿಗಾಗಿ ಹೊಸ ನಿಯಮ ಬರೆದೆ, ಅವನು ಅದರ ಅಂಚಿನಲ್ಲೇ ನಡೆದ. ನಿಯಮವನ್ನು ಇನ್ನೂ ಉದ್ದ ಮಾಡಿದೆ. ನಾನು ಬರೆದ ನಿಯಮ ನನಗಿಂತ ಅವನಿಗೇ ಚೆನ್ನಾಗಿ ಬಾಯಿಪಾಠ! ಕೊನೆಗೆ ತೆಗೆದಾಗ ನಿಜಕ್ಕೂ ಕೂಗಾಡಿದ, ಎರಡು ದಿನ. ಮೂರನೆಯ ದಿನ ಒಬ್ಬ ಹಳೆಯ ಸದಸ್ಯೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ನಾನು ಇನ್ನು ಫೋಟೊ ಹಾಕಬಹುದಾ ಅಂತ ಕೇಳಿದರು. ಎಂಟು ತಿಂಗಳಿಂದ ಆಕೆ ಏನೂ ಹಾಕಿರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ಗಲಾಟೆ ಮಾಡುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಸುಮ್ಮನಾದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ವಾಕ್ ಸ್ವಾತಂತ್ರ್ಯ ಅನ್ನುವುದು ಸರ್ಕಾರ ನಿಮ್ಮ ಬಾಯಿ ಮುಚ್ಚಿಸಬಾರದು ಅನ್ನುವ ಮಾತು. 400 ಜನ ಕೂತಿರುವ ಕೋಣೆಯಲ್ಲಿ ಅವನಿಗೆ ಕುರ್ಚಿ ಕೊಡಲೇಬೇಕು ಎಂದೇನೂ ಅಲ್ಲ. ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಆಸ್ಕ್‌ಹಿಸ್ಟೋರಿಯನ್ಸ್ ಎಂಬ ಗುಂಪಿದೆ. ಇತಿಹಾಸದ ಪ್ರಶ್ನೆಗೆ ಅರೆಬರೆ ಉತ್ತರ, ಜೋಕು, ‘ನಮ್ಮಜ್ಜ ಹೇಳ್ತಿದ್ರು’ ಯಾವುದನ್ನೂ ಉಳಿಸುವುದಿಲ್ಲ. ಎಷ್ಟೋ ಸಲ ಒಳಗೆ ಹೋದರೆ ಅಳಿಸಿದ ಕಮೆಂಟ್‌ಗಳ ಸಾಲು ಮಾತ್ರ ಕಾಣುತ್ತದೆ. ಅಷ್ಟು ಬಿಗಿಯಿರುವುದಕ್ಕೇ ಓದಿದವರು ಅಲ್ಲಿ ಗಂಟೆಗಟ್ಟಲೆ ಕೂತು ಉತ್ತರ ಬರೆಯುತ್ತಾರೆ. ಮೆಟಾಫಿಲ್ಟರ್ ಎಂಬ ಇನ್ನೊಂದು ಚರ್ಚಾ ತಾಣ, ಸೇರುವಾಗ ಒಂದು ಸಲ 5 ಡಾಲರ್ ತೆಗೆದುಕೊಳ್ಳುತ್ತಿತ್ತು. ಅಷ್ಟು ಚಿಕ್ಕ ಮೊತ್ತವೂ ದಿನಕ್ಕೊಂದು ಖಾತೆ ತೆರೆದು ಜಗಳಕ್ಕೆ ಬರುವವನಿಗೆ ದುಬಾರಿ.

ತೆಗೆದರೆ ಇನ್ನೊಂದು ಕಡೆ ಹೋಗಿ ಅದನ್ನೇ ಮಾಡುತ್ತಾನೆ ಅನ್ನುವ ಮಾತೂ ಇದೆ. ರೆಡ್ಡಿಟ್ 2015ರಲ್ಲಿ ಎರಡು ದ್ವೇಷದ ಗುಂಪುಗಳನ್ನು ಮುಚ್ಚಿದ ಮೇಲೆ ಏನಾಯಿತು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಲ್ಲಿದ್ದವರಲ್ಲಿ ಬಹಳ ಜನ ತಾಣವನ್ನೇ ಬಿಟ್ಟರು. ಉಳಿದವರ ದ್ವೇಷದ ಮಾತು ನೂರಕ್ಕೆ 80ರಷ್ಟಾದರೂ ಇಳಿದಿತ್ತು. ಬಿಟ್ಟವರು ಬೇರೆ ಜಾಗ ಹುಡುಕಿಕೊಂಡಿರಬಹುದು. ಆ ಜಾಗದ ಚಿಂತೆ ಆ ಜಾಗದ ಅಡ್ಮಿನ್‌ಗಿರಲಿ.

ಹೇಗೆ ತೆಗೆಯುವುದು ಅನ್ನುವುದೂ ಮುಖ್ಯ. ಮೊದಲು ಒಂದೇ ಒಂದು ಖಾಸಗಿ ಮೆಸೇಜ್, ಎರಡು ಮೂರು ಉದಾಹರಣೆ ಕೊಟ್ಟು. ಮತ್ತೆ ಮಾಡಿದರೆ ತೆಗೆಯಿರಿ. ಗುಂಪಿನಲ್ಲಿ ‘ಇಂಥವರನ್ನು ಇಂಥ ಕಾರಣಕ್ಕೆ ತೆಗೆದಿದ್ದೇವೆ’ ಎಂದು ಎರಡು ಸಾಲು ಹಾಕಿ. ಅದರ ಕೆಳಗೆ ಚರ್ಚೆ ಬೇಡ, ವೋಟು ಅಂತೂ ಬೇಡವೇ ಬೇಡ. ನಿಮಗೇ ಸಿಟ್ಟು ಬಂದಿದ್ದರೆ ಒಂದು ದಿನ ಮ್ಯೂಟ್ ಮಾಡಿ ಮಲಗಿ, ಬೆಳಿಗ್ಗೆ ನಿರ್ಧರಿಸಿ. ಮತ್ತು ಇನ್ನೊಬ್ಬ ಅಡ್ಮಿನ್ ಇಟ್ಟುಕೊಳ್ಳಿ, ನಿಮ್ಮ ಮಾತಿಗೆಲ್ಲ ಹೂಂ ಅನ್ನದವರನ್ನು. ಯಾಕೆ ಅನ್ನುವುದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ಸಣ್ಣ ಗುಂಪು ಸ್ವರ್ಗ ಎಂದು ಮಾತ್ರ ಬರೆಯಬೇಡಿ. ಒಂದು ಸಣ್ಣ ಗುಂಪಿನಲ್ಲಿ ಅಡ್ಮಿನ್ ಹೇಳಿದ್ದು ತಪ್ಪಿರಬಹುದು ಎಂದಿದ್ದಕ್ಕೆ ನನ್ನನ್ನು ಕಿತ್ತುಹಾಕಿದರು. ಏಳು ವರ್ಷದ ಗೆಳೆಯರೆಲ್ಲ ಒಂದೇ ಕ್ಲಿಕ್ಕಿಗೆ ಹೋದರು.

ಬೇಸರವಾಯಿತು. ನೀವು ಹೇಳುವುದು ಸರಿ. ಬೇಲಿಯೇ ಎದ್ದು ಹೊಲ ಮೇಯುವುದು ಸಣ್ಣ ಗುಂಪುಗಳಲ್ಲೇ ಜಾಸ್ತಿ. ಅಡ್ಮಿನ್‌ಗೆ ಎಲ್ಲರೂ ಗೊತ್ತಿರುತ್ತಾರೆ, ಅದೇ ಅವನ ಶಕ್ತಿ. ಯಾರ ಮೇಲೆ ಹಳೆ ಸಿಟ್ಟಿದೆ ಅನ್ನುವುದೂ ಅವನಿಗೆ ನೆನಪಿರುತ್ತದೆ. ದೊಡ್ಡ ತಾಣಗಳು ಯುರೋಪಿನಲ್ಲಿ ಈಗ ಪೋಸ್ಟ್ ತೆಗೆದರೆ ಕಾರಣ ಹೇಳಬೇಕು, ಮೇಲ್ಮನವಿಗೆ ದಾರಿ ಕೊಡಬೇಕು. 2024ರಲ್ಲಿ ಪೂರ್ತಿ ಜಾರಿಗೆ ಬಂದ ಡಿಜಿಟಲ್ ಸರ್ವಿಸಸ್ ಆಕ್ಟ್ ಹಾಗೆ ಹೇಳುತ್ತದೆ. ಎಲ್ಲೋ ಒಂದು ಚಾಟ್ ಗುಂಪಿನ ಅಡ್ಮಿನ್‌ನನ್ನು ಕೇಳುವವರು ಯಾರು?

ಸ್ಲ್ಯಾಶ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿ ತಾಣದವರು 1990ರ ದಶಕದ ಕೊನೆಯಲ್ಲೇ ಇದಕ್ಕೊಂದು ಉಪಾಯ ಮಾಡಿದ್ದರು. ಸಾಮಾನ್ಯ ಸದಸ್ಯರಿಗೇ ಸರದಿಯ ಮೇಲೆ ಒಂದಿಷ್ಟು ಅಂಕ ಕೊಟ್ಟು ಕಮೆಂಟ್‌ಗಳನ್ನು ಮೇಲೆ ಕೆಳಗೆ ಮಾಡಲು ಬಿಡುವುದು. ಅವರು ಸರಿಯಾಗಿ ಮಾಡಿದರಾ ಎಂದು ಬೇರೆ ಸದಸ್ಯರು ನೋಡುವುದು. ಯಾರ ಕೈಯಲ್ಲೂ ದೊಣ್ಣೆ ಬಹಳ ಹೊತ್ತು ಇರುತ್ತಿರಲಿಲ್ಲ. ಯಾಕೋ ಈಗಿನ ಆ್ಯಪ್‌ಗಳು ಅದನ್ನು ಕಲಿಯಲಿಲ್ಲ.

ನಿಮಗೆ ನಾನು ಹೇಳುವುದು ಇಷ್ಟೇ. ಆ ಏಳು ವರ್ಷದ ಗೆಳೆಯರಲ್ಲಿ ನಾಲ್ಕು ಜನರ ನಂಬರ್ ಆದರೂ ನಿಮ್ಮ ಹತ್ತಿರ ಇರಬೇಕಲ್ವಾ? ಫೋನ್ ಮಾಡಿ. ಹೊಸ ಗುಂಪುಗಳು ಬಹಳಷ್ಟು ಹುಟ್ಟುವುದು ಹೀಗೆ ಕಿತ್ತುಹಾಕಿಸಿಕೊಂಡವರಿಂದಲೇ.

ಪ್ರಶ್ನೆ: ಟ್ರೋಲ್‌ಗಳಿಗೆ ಉತ್ತರ ಕೊಡದಿದ್ದರೆ ತಾವೇ ಹೋಗುತ್ತಾರೆ ಅನ್ನುತ್ತಾರೆ. ನಿಜವಾ?

ಒಬ್ಬನೇ ಗಾಳ ಹಾಕಿ ಕೂತಿದ್ದರೆ ನಿಜ. ಮೀನು ಕಚ್ಚದಿದ್ದರೆ ಎದ್ದು ಹೋಗುತ್ತಾನೆ. ಆದರೆ ಇನ್ನೂರು ಜನ ಬಲೆ ಹಿಡಿದು ಬಂದಾಗ ಮೀನಿಗೆ ‘ನೀನು ಬಾಯಿ ತೆಗೆಯಬೇಡ’ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆಗ ಖಾತೆಯನ್ನು ಕೆಲವು ದಿನ ಪ್ರೈವೇಟ್ ಮಾಡಿ, ಫೋನನ್ನು ನಂಬಿಕೆಯ ಒಬ್ಬರ ಕೈಗೆ ಕೊಟ್ಟು ಕಮೆಂಟ್ ನೋಡಲು ಹೇಳಿ. ನೀವು ಓದಬೇಡಿ. ಬೆದರಿಕೆ ಇದ್ದರೆ ಪೊಲೀಸರಿಗೆ ತೋರಿಸಬೇಕಾಗುತ್ತದೆ. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಸಿಟ್ಟಿನಲ್ಲಿ ಮೊದಲೇ ಬ್ಲಾಕ್ ಮಾಡಿ, ಆಮೇಲೆ ಅವನ ಪೋಸ್ಟ್ ಹುಡುಕಲಾಗದೆ ಒದ್ದಾಡಿದವರ ಮೂರು ಪತ್ರ ಈ ತಿಂಗಳೇ ಬಂದಿವೆ.