ಹಳೇ ಮನೆಗೆ ಬಣ್ಣ ಬಳಿಯುವ ಮುಂಚೆ

"ರೆಡಿಂಗ್‌ನಲ್ಲಿ 1900ರ ಸುಮಾರಿಗೆ ಕಟ್ಟಿದ ಟೆರೇಸ್ ಮನೆ, ಅಂದರೆ ಅಕ್ಕಪಕ್ಕದ ಮನೆಗಳಿಗೆ ಗೋಡೆ ಅಂಟಿಕೊಂಡ ಸಾಲುಮನೆ ಕೊಂಡಿದ್ದೇವೆ ಅಕ್ಕಾ. ಗೃಹಪ್ರವೇಶದ ಹೊತ್ತಿಗೆ ಎಲ್ಲಾ ಕೋಣೆಗೂ ಬಣ್ಣ ಹೊಡೆಸಿ, ಅಡುಗೆಮನೆ ಗೋಡೆ ತೆಗೆಸಿ, ಹಳೇ ಕಾರ್ಪೆಟ್ ಕಿತ್ತು ಹಾಕಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದ್ದೀರಿ.

ತುಂಬಾ ಸಂತೋಷ. ಇಂಗ್ಲೆಂಡಿಗೆ ಬಂದು ಇಷ್ಟು ಬೇಗ ಸ್ವಂತ ಮನೆ ಆಯಿತು ಅಂದರೆ ಸಣ್ಣ ಮಾತಲ್ಲ. ಆದರೆ ಗೃಹಪ್ರವೇಶಕ್ಕೂ ರಿಪೇರಿಗೂ ಗಂಟು ಹಾಕಬೇಡಿ. ಒಳ್ಳೇ ದಿನ ನೋಡಿ ಹಾಲು ಉಕ್ಕಿಸಿಬಿಡಿ, ಗೋಡೆ ಹಾಗೇ ಇರಲಿ. ಹೋಮ ಮಾಡಿಸುವುದಾದರೆ ಹಿತ್ತಲಲ್ಲಿ ಮಾಡಿಸಿ. ಒಳಗೆ ಹೊಗೆ ಎದ್ದರೆ ಪುರೋಹಿತರ ಮಂತ್ರಕ್ಕಿಂತ ಸ್ಮೋಕ್ ಅಲಾರಂ ಜೋರಾಗಿ ಕೇಳಿಸುತ್ತದೆ.

ಆಮೇಲೆ ಒಂದು ಚಳಿಗಾಲ ಆ ಮನೆಯಲ್ಲಿ ಇದ್ದು ನೋಡಿ. ಯಾವ ಗೋಡೆ ತೇವ ಆಗುತ್ತದೆ, ಯಾವ ಕೋಣೆಗೆ ಡಿಸೆಂಬರ್‌ನಲ್ಲೂ ಬಿಸಿಲು ಬರುತ್ತದೆ, ಗಾಳಿ ಎಲ್ಲಿಂದ ನುಗ್ಗುತ್ತದೆ ಅನ್ನುವುದು ಜುಲೈ ತಿಂಗಳಲ್ಲಿ ಗೊತ್ತಾಗುವುದಿಲ್ಲ. ಬಣ್ಣ ಕೊನೆಯ ಕೆಲಸ. ಮೊದಲು ನೀರು, ಗಾಳಿ, ವೈರು.

ನಿಮ್ಮ ಮನೆ ಹೇಗೆ ಕಟ್ಟಿದ್ದು ಅಂತ ಮೊದಲು ತಿಳಿದುಕೊಳ್ಳಿ. ಆ ಕಾಲದ ಟೆರೇಸ್ ಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆಯದು. ಒಳಗೊಂದು ಹೊರಗೊಂದು ಪದರ ಕಟ್ಟಿ ನಡುವೆ ಸಂದು ಬಿಡುವ ಪದ್ಧತಿ ಎಲ್ಲ ಕಡೆ ಬಂದಿದ್ದು 1920-30ರ ದಶಕಗಳಲ್ಲಿ. ಇಟ್ಟಿಗೆ ಕೂರಿಸಿರುವುದು ಸುಣ್ಣದ ಗಾರೆಯಲ್ಲಿ, ಒಳಗಿನ ಗಿಲಾವೂ ಸುಣ್ಣದ್ದೇ. ಸಿಮೆಂಟ್ ಬರುವ ಮುಂಚೆ ನಮ್ಮ ಕಡೆ ಕಟ್ಟಿದ ಮನೆಗಳಲ್ಲೂ ಇದೇ ಗಾರೆ ಅಲ್ವಾ? ಮಳೆ ಬಂದಾಗ ಇಂಥ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಗಾಳಿ ಬೀಸಿದಾಗ ಒಣಗುತ್ತದೆ. ಅದಕ್ಕೆ ಉಸಿರಾಡಲು ಬಿಟ್ಟರೆ ನೂರು ವರ್ಷ ಏನೂ ಆಗುವುದಿಲ್ಲ.

ತೊಂದರೆ ಶುರುವಾಗುವುದು ಉಸಿರು ಕಟ್ಟಿಸಿದಾಗ. ಹೊರಗೆ ಸಂದುಗಳಿಗೆ ಸಿಮೆಂಟ್ ತುಂಬುತ್ತಾರೆ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ನೀರು ಸಂದಿನಿಂದ ಹೊರಗೆ ಹೋಗಲಾರದೆ ಇಟ್ಟಿಗೆಯಲ್ಲೇ ನಿಲ್ಲುತ್ತದೆ. ಹಿಮ ಬಿದ್ದಾಗ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಚಕ್ಕೆ ಎದ್ದು ಬರುತ್ತದೆ. ಒಳಗೆ ಜಿಪ್ಸಮ್ ಗಿಲಾವು ಮಾಡಿ, ಮೇಲೆ ಒರೆಸಿದರೆ ಹೊಳೆಯುವ ವಿನೈಲ್ ಬಣ್ಣ ಬಳಿಯುತ್ತಾರೆ. ಆರು ತಿಂಗಳಿಗೆ ಬಿಳೀ ಉಪ್ಪು, ಗುಳ್ಳೆ, ಮೂಲೆಯಲ್ಲಿ ಕಪ್ಪು ಬೂಷ್ಟು. ನೀವು ಎಷ್ಟೇ ದುಬಾರಿ ಡಬ್ಬಿ ತಂದರೂ ಅಷ್ಟೇ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತ ನೋಡಿ. ಸೂರಿನ ಗಟರ್ ಎಲ್ಲಿ ಸೋರುತ್ತಿದೆ, ಇಳಿಗೊಳವೆ ಎಲ್ಲಿ ಒಡೆದಿದೆ ಅಂತ ಆಗಲೇ ಕಾಣುವುದು. ಗೋಡೆಯ ಬುಡದಲ್ಲಿ ತೇವ ಮೇಲೇರದಂತೆ ಹಾಕಿದ ಸ್ಲೇಟ್ ಕಲ್ಲಿನ ತೆಳು ಪದರ ಒಂದಿರುತ್ತದೆ. ಹೊರಗಿನ ನೆಲ ಅದಕ್ಕಿಂತ 150 ಮಿಲಿಮೀಟರ್ ಆದರೂ ಕೆಳಗಿರಬೇಕು. ಹಿಂದಿನವರು ಹಿತ್ತಲಿಗೆ ಕಲ್ಲು ಹಾಸಿ, ಅದರ ಮೇಲೆ ಇನ್ನೊಂದು ಪದರ ಹಾಸಿ ನೆಲ ಎತ್ತರಿಸಿರುತ್ತಾರೆ. ಅದನ್ನು ಅಗೆಸಿ ತೆಗೆಸಿ. ಹಾಗೇ ಗೋಡೆಯ ಬುಡದಲ್ಲಿ ತೂತಿರುವ ಇಟ್ಟಿಗೆಗಳು ಕಾಣುತ್ತವೆ. ಚಳಿಗಾಳಿ ಬರುತ್ತದೆ ಅಂತ ಅವನ್ನು ದಯವಿಟ್ಟು ಮುಚ್ಚಬೇಡಿ. ನಿಮ್ಮ ಹಲಗೆ ನೆಲದ ಕೆಳಗೆ ಗಾಳಿ ಆಡುವುದು ಅಲ್ಲಿಂದಲೇ. ಮುಚ್ಚಿದರೆ ಮರದ ತೊಲೆ ಕೊಳೆಯುತ್ತದೆ.

"ಉಚಿತವಾಗಿ ತೇವ ಪರೀಕ್ಷೆ ಮಾಡಿಕೊಡ್ತೀವಿ" ಅಂತ ಬರುವವರನ್ನು ನಂಬುವ ಮುಂಚೆ ಯೋಚಿಸಿ. ಗೋಡೆಗೆ ರಾಸಾಯನಿಕ ಚುಚ್ಚಿ ದುಡ್ಡು ಮಾಡುವವರೇ ಪರೀಕ್ಷೆಗೂ ಬಂದರೆ ರೋಗ ಇಲ್ಲ ಅಂತ ಹೇಳುತ್ತಾರಾ? ಫೀಸು ಕೊಟ್ಟು, ಕಟ್ಟಡ ಪರೀಕ್ಷೆ ಮಾಡುವ ಸ್ವತಂತ್ರ ಸರ್ವೇಯರ್ ಕರೆಸಿ.

ಇನ್ನು ನಾವೇ ಮಾಡುವ ತೇವ. ಕುಕ್ಕರ್ ಕೂಗು, ಸಾರಿನ ಆವಿ, ಬಿಸಿನೀರ ಸ್ನಾನ, ರೇಡಿಯೇಟರ್ ಮೇಲೆ ಒಣಗುವ ಬಟ್ಟೆ, ಅದರ ಮೇಲೆ ಚಳಿ ಅಂತ ಕಿಟಕಿ ಮುಚ್ಚಿದ ಮನೆ. ಈ ಆವಿಯೆಲ್ಲ ಮನೆಯ ಅತಿ ತಣ್ಣನೆಯ ಗೋಡೆಗೆ ಹೋಗಿ ನೀರಾಗುತ್ತದೆ. ವಾರ್ಡ್‌ರೋಬ್ ಹಿಂದೆ ಬೂಷ್ಟು ಬರುವುದು ಇದಕ್ಕೇ. ಅಡುಗೆಮನೆಗೆ ಮೊದಲ ಖರ್ಚು ಕ್ಯಾಬಿನೆಟ್ ಅಲ್ಲ, ಹುಡ್. ಅದೂ ಪೈಪ್ ಮೂಲಕ ಗಾಳಿಯನ್ನು ಹೊರಗೆ ತಳ್ಳುವಂಥದ್ದು. ಫಿಲ್ಟರ್‌ನಲ್ಲಿ ಸೋಸಿ ಮತ್ತೆ ಒಳಗೇ ಬಿಡುವ ಹುಡ್ ನಮ್ಮ ಒಗ್ಗರಣೆಗೆ ಏನೂ ಸಾಲದು. ಇಲ್ಲಿನ ನಿಯಮದಲ್ಲಿ ಒಲೆ ಮೇಲಿನ ಹುಡ್‌ಗೆ ಸೆಕೆಂಡಿಗೆ 30 ಲೀಟರ್ ಗಾಳಿ ಎಳೆದರೆ ಸಾಕು. ಬ್ಯಾಡಗಿ ಮೆಣಸಿನಕಾಯಿ ಹುರಿಯುವವರು ಅದಕ್ಕಿಂತ ಜಾಸ್ತಿ ಎಳೆಯುವುದನ್ನೇ ತನ್ನಿ.

ಅದಕ್ಕೇ ಅಡುಗೆಮನೆ ಗೋಡೆ ತೆಗೆಯುವ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಇಂಗಿನ ಘಾಟು ಮೆಟ್ಟಿಲು ಹತ್ತಿ ಆಫೀಸಿನ ಕೋಟಿಗೆ ಮೆತ್ತಿಕೊಳ್ಳುತ್ತದೆ. ತೆಗೆಯಲೇಬೇಕು ಅಂದರೆ, ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಆ ಗೋಡೆ ಭಾರ ಹೊತ್ತಿದೆಯಾ ಅಂತ ನೋಡಲಿ. ಹೊತ್ತಿದ್ದರೆ ಉಕ್ಕಿನ ತೊಲೆ ಬೇಕು, ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮ ನೋಡುವ ವಿಭಾಗ) ಒಪ್ಪಿಗೆ ಬೇಕು. ಆ ತೊಲೆಯ ತುದಿ ಪಕ್ಕದ ಮನೆಗೂ ಸೇರಿದ ಗೋಡೆಯ ಮೇಲೆ ಕೂರುವುದಾದರೆ 1996ರ ಪಾರ್ಟಿ ವಾಲ್ ಕಾಯಿದೆ ಪ್ರಕಾರ ಅವರಿಗೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಕಾಗದ ಕೊಡುವ ಮುಂಚೆ ಒಂದು ಡಬ್ಬಿ ಮೈಸೂರು ಪಾಕ್ ಹಿಡಿದು ಹೋಗಿ ಬಾಯಲ್ಲಿ ಹೇಳಿ. ಕೆಲಸ ಸಲೀಸು.

ಹಳೇ ಮನೆಯಲ್ಲಿ ಭಯ ಪಡಬೇಕಾದ್ದು ಎರಡು. ಒಂದು ಆಸ್ಬೆಸ್ಟಾಸ್. ಈ ದೇಶದಲ್ಲಿ ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ. ಮನೆ 1900ರದ್ದಾದರೂ ನಡುವಿನ ವರ್ಷಗಳಲ್ಲಿ ಯಾರೋ ಚಾವಣಿಗೆ ಆರ್ಟೆಕ್ಸ್ ಅನ್ನುವ ಉಬ್ಬುತಗ್ಗಿನ ಲೇಪ ಬಳಿದಿರಬಹುದು, ಕಾರ್ಪೆಟ್ ಕೆಳಗೆ ಹಳೇ ಟೈಲ್ಸ್ ಅಂಟಿಸಿರಬಹುದು. ಅವುಗಳಲ್ಲಿ ಆಸ್ಬೆಸ್ಟಾಸ್ ಬೆರೆತಿರಬಹುದು. ಉಜ್ಜಬೇಡಿ, ಕೆರೆಯಬೇಡಿ, ಮೊದಲು ಸ್ಯಾಂಪಲ್ ಲ್ಯಾಬ್‌ಗೆ ಹೋಗಲಿ. ಇನ್ನೊಂದು ಸೀಸ. ಹಳೇ ಬಾಗಿಲು, ಕಿಟಕಿಯ ಬಣ್ಣದಲ್ಲಿ ಇರುತ್ತದೆ. 1970ಕ್ಕಿಂತ ಮುಂಚಿನ ಮನೆಗಳಲ್ಲಿ ನೀರಿನ ಪೈಪೇ ಸೀಸದ್ದಿರಬಹುದು. ಸಿಂಕ್ ಕೆಳಗಿನ ಮಾಸಲು ಬೂದು ಪೈಪನ್ನು ನಾಣ್ಯದಿಂದ ಮೆಲ್ಲಗೆ ಕೆರೆದು ನೋಡಿ. ಬೆಳ್ಳಿಯ ಹಾಗೆ ಹೊಳೆದರೆ ಸೀಸ. ಮನೆಯಲ್ಲಿ ಮಗು ಇದ್ದರೆ ಪೈಪ್ ಬದಲಾಯಿಸುವ ಕೆಲಸ ಎಲ್ಲಕ್ಕಿಂತ ಮುಂದೆ ಬರಲಿ.

ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡಲು ಅನುಮತಿ ಇರುವವರ ಅಧಿಕೃತ ಪಟ್ಟಿ) ಕಾರ್ಡ್ ಇರುವವರೇ ಬರಬೇಕು, ಕಾರ್ಡ್ ಕೇಳಿ ನೋಡಿ. ಮನೆಯ ವೈರಿಂಗ್ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಸ್ವಿಚ್ ಎಲ್ಲಿ ಬೇಕು ಅಂತ ಯೋಚಿಸುವುದು ಗಿಲಾವು ಆಗುವ ಮುಂಚೆ, ಆಮೇಲಲ್ಲ. ಊರಿಂದ ತಂದ ಗ್ರೈಂಡರ್ ಇಲ್ಲಿನ ಕರೆಂಟಿಗೇ ಓಡುತ್ತದೆ, ಪ್ಲಗ್ ಬದಲಾಯಿಸಿ ಅದರಲ್ಲಿ 3 ಆಂಪ್ ಫ್ಯೂಸ್ ಹಾಕಿಸಿ.

ಬಚ್ಚಲ ವಿಷಯ ಯಾರೂ ಹೇಳುವುದಿಲ್ಲ. ಇಲ್ಲಿನ ಬಾತ್‌ರೂಮ್ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಬಕೆಟ್ಟು, ಚೊಂಬು ಇಟ್ಟುಕೊಂಡು ಸ್ನಾನ ಮಾಡಿದರೆ ನೀರು ಕೆಳಗಿನ ಕೋಣೆಯ ಚಾವಣಿಗೆ ಇಳಿಯುತ್ತದೆ. ಅಪ್ಪ ಅಮ್ಮ ಬಂದು ಇರುವವರಾದರೆ ನೆಲವನ್ನೇ ಇಳಿಜಾರು ಮಾಡಿಸಿ ವೆಟ್ ರೂಮ್ ಮಾಡಿಸುವುದು ಒಳ್ಳೇದು. ಕಮೋಡ್ ಪಕ್ಕ ಹೆಲ್ತ್ ಫಾಸೆಟ್ ಬೇಕಾದರೆ ಪ್ಲಂಬರ್‌ಗೆ ಮೊದಲೇ ಹೇಳಿ. ಅದನ್ನು ನೇರ ಮೇನ್ಸ್ ನೀರಿಗೆ ಜೋಡಿಸಲು ನಿಯಮ ಬಿಡುವುದಿಲ್ಲ. ಕೊಳೆ ನೀರು ಹಿಂದಕ್ಕೆ ಹೋಗದಂತೆ ನಡುವೆ ಪ್ರತ್ಯೇಕ ಟ್ಯಾಂಕ್ ಬೇಕಾಗುತ್ತದೆ.

ಇಷ್ಟಾದ ಮೇಲೆ ಅಲಂಕಾರ. ರೆಡಿಂಗ್‌ನ ಹಳೇ ಬೀದಿಗಳ ಚಂದ ಇರುವುದೇ ಕೆಂಪು ಇಟ್ಟಿಗೆ ನಡುವೆ ಬೂದು ಇಟ್ಟಿಗೆ ಜೋಡಿಸಿದ ಚಿತ್ತಾರದಲ್ಲಿ. ನಿಮ್ಮ ಮನೆಗೂ ಅದಿದ್ದರೆ ಹೊರಗೋಡೆಗೆ ಪೇಂಟ್ ಹೊಡೆಸಬೇಡಿ. ಕನ್ಸರ್ವೇಶನ್ ಏರಿಯಾದಲ್ಲಿ (ಹಳೇ ರೂಪ ಉಳಿಸಲು ಗುರುತಿಸಿದ ಬಡಾವಣೆ) ಇದ್ದರೆ ಕಿಟಕಿ ಮುಟ್ಟುವ ಮುಂಚೆ ಕೌನ್ಸಿಲ್‌ಗೆ ಕೇಳಿ. ಕಾರ್ಪೆಟ್ ಒಂದು ಮೂಲೆ ಎತ್ತಿ ನೋಡಿ, ಕೆಳಗೆ ಒಳ್ಳೇ ಪೈನ್ ಹಲಗೆ ಸಿಗುವುದು ಅಪರೂಪವೇನಲ್ಲ. ಆದರೆ ಹಲಗೆ ಸಂದಿನಿಂದ ಚಳಿ ಬರುತ್ತದೆ, ಕೆಳಗಿನಿಂದ ಉಣ್ಣೆಯ ಇನ್ಸುಲೇಷನ್ ಹಾಕಿಸಬೇಕು. ಉತ್ತರಕ್ಕೆ ಮುಖ ಮಾಡಿದ ಕೋಣೆಗೆ ಬೂದು ಬಣ್ಣ ಬೇಡವೇ ಬೇಡ. ಇಲ್ಲಿನ ಚಳಿಗಾಲದ ಬೆಳಕೇ ನೀಲಿ, ಕೋಣೆ ಆಸ್ಪತ್ರೆಯಂತೆ ಕಾಣುತ್ತದೆ. ಅರಿಶಿನದ ಛಾಯೆ, ಮಣ್ಣಿನ ಕೆಂಪು ಚೆನ್ನಾಗಿ ಹೊಂದುತ್ತದೆ. ಹೊರಗೋಡೆಯ ಒಳಮೈಗೆ ಸುಣ್ಣದ ಬಣ್ಣ ಅಥವಾ ಕ್ಲೇ ಪೇಂಟ್ ಬಳಿಯಿರಿ.

ಚಿಮಣಿಯ ಎರಡೂ ಪಕ್ಕ ಗೋಡೆ ಒಳಕ್ಕೆ ಸರಿದ ಜಾಗ ಇರುತ್ತದಲ್ಲ, ಅಲ್ಲೊಂದು ಪುಟ್ಟ ಕಪಾಟು ಮಾಡಿಸಿದರೆ ಅಚ್ಚುಕಟ್ಟಾದ ದೇವರ ಗೂಡು. ದೀಪದ ಮೇಲೆ ಮರದ ಹಲಗೆ ಬಾರದಂತೆ ನೋಡಿಕೊಳ್ಳಿ. ಒಲೆಗೂಡು ಮುಚ್ಚಿಸುವುದಾದರೆ ಗಾಳಿಗೆ ಒಂದು ಜಾಲರಿ ಬಿಡಿಸಿ.

ಬಿಲ್ಡರ್‌ಗೆ ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಕೆಲಸ ಆದಷ್ಟೂ ಕಂತು. ಕೊಟೇಶನ್‌ನಲ್ಲಿ 20% ವ್ಯಾಟ್ ಸೇರಿದೆಯಾ ಅಂತ ಬರೆಸಿಕೊಳ್ಳಿ. ನೀವು ಕೊಳ್ಳುವ ಮುಂಚೆ ಮನೆ ಎರಡು ವರ್ಷಕ್ಕಿಂತ ಜಾಸ್ತಿ ಖಾಲಿ ಬಿದ್ದಿತ್ತು ಅಂತ ಸಾಬೀತು ಮಾಡಲು ಆದರೆ, ರಿಪೇರಿ ಕೆಲಸಕ್ಕೆ 5% ವ್ಯಾಟ್ ಅನ್ವಯಿಸಬಹುದು. ಬಿಲ್ಡರ್‌ಗೆ ಮೊದಲೇ ಕೇಳಿ. ವೈರಿಂಗ್, ಗ್ಯಾಸ್, ತೊಲೆ, ಪ್ರತಿಯೊಂದರ ಸರ್ಟಿಫಿಕೇಟೂ ಒಂದು ಫೈಲಿಗೆ ಹಾಕಿಡಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ (ವಕೀಲರು) ಮೊದಲು ಕೇಳುವುದೇ ಅದನ್ನು. ಸದ್ಯಕ್ಕೆ ಮನೆ ಕೊಳ್ಳುವಾಗ ಮಾಡಿಸಿದ ನಿಮ್ಮ ಸರ್ವೆ ರಿಪೋರ್ಟ್‌ನಲ್ಲಿ ತೇವದ ಬಗ್ಗೆ ಏನು ಬರೆದಿದ್ದಾರೆ ಅಂತ ತೆಗೆದು ಓದಿ. ಗೊತ್ತಾಗದಿದ್ದರೆ ಆ ಭಾಗ ಕಳಿಸಿ, ನೋಡಿ ಹೇಳುತ್ತೇನೆ.